ಗಾಂಜಾ ಹೂಗೊಂಚಲು ಕೆಂಪು, ನೇರಳೆಗೆ ತಿರುಗಿದಾಗ: ಕಾರಣ ಪತ್ತೆಹಚ್ಚುವ ಕ್ರಮ

ಕೆನಡಾದ ಒಂಟಾರಿಯೊದಲ್ಲಿ ಮನೆಯ ಹಿತ್ತಿಲಲ್ಲಿ ಗಾಂಜಾ ಬೆಳೆಸುವವರಿಗೆ ಸೆಪ್ಟೆಂಬರ್ ಕೊನೆಯ ವಾರಗಳು ಗೊಂದಲದ ದಿನಗಳು. ಅಲ್ಲಿಯವರೆಗೆ ಹಸಿರಾಗಿದ್ದ ಹೂಗೊಂಚಲಿನ ಅಂಚು ಒಂದು ಬೆಳಿಗ್ಗೆ ನೇರಳೆಯಾಗಿ ಕಾಣುತ್ತದೆ, ಎಲೆಯ ತೊಟ್ಟು ಕೆಂಪಾಗಿರುತ್ತದೆ. ಇದು ರೋಗವೋ, ಗೊಬ್ಬರದ ಕೊರತೆಯೋ, ತಳಿಯ ಗುಣವೋ ಎಂದು ತಿಳಿಯುವ ಮೊದಲೇ ಹಲವರು ಗೊಬ್ಬರ ಸುರಿದು, ಇಲ್ಲವೇ ಗಿಡವನ್ನು ಕಿತ್ತು, ನಾಲ್ಕು ತಿಂಗಳ ಶ್ರಮವನ್ನು ಕೆಡಿಸಿಕೊಳ್ಳುತ್ತಾರೆ. ಬಣ್ಣ ಗಿಡದ ಯಾವ ಭಾಗದಲ್ಲಿ, ಯಾವ ದಿನಗಳಲ್ಲಿ ಮೊದಲು ಕಾಣಿಸಿಕೊಂಡಿತು ಎಂಬುದನ್ನು ತಾಳ್ಮೆಯಿಂದ ಗಮನಿಸಿದರೆ ಕಾರಣ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಮೊದಲು ಕಾನೂನಿನ ಮಾತು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ವಯಸ್ಕರು ಮನೆಯೊಂದಕ್ಕೆ ನಾಲ್ಕು ಗಿಡಗಳವರೆಗೆ ಬೆಳೆಸಿಕೊಳ್ಳಬಹುದು. ಆದರೆ ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಯುವುದನ್ನು ನಿಷೇಧಿಸಿದ್ದು, ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ಆ ನಿಷೇಧವನ್ನು ಎತ್ತಿಹಿಡಿದಿದೆ. ಭಾರತದಲ್ಲಿ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು ಹತ್ತು ವರ್ಷಗಳವರೆಗೆ ಕಠಿಣ ಸಜೆ ವಿಧಿಸಬಹುದಾದ ಅಪರಾಧ. ಆದ್ದರಿಂದ ಇಲ್ಲಿರುವ ಕ್ರಮವೆಲ್ಲ ಬೆಳೆಯಲು ಕಾನೂನಿನ ಅನುಮತಿಯಿರುವ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರ ಅನ್ವಯಿಸುತ್ತದೆ.

ಗಾಂಜಾ ಗಿಡದ ಕೆಂಪು ಮತ್ತು ನೇರಳೆಗೆ ಮುಖ್ಯ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಮಾವಿನ ಚಿಗುರಿನ ಕೆಂಪು, ನೇರಳೆ ಹಣ್ಣಿನ ಕಪ್ಪು, ಬದನೆಕಾಯಿಯ ಸಿಪ್ಪೆ, ಮಲೆನಾಡಿನ ಮುರುಗಲು ಹಣ್ಣಿನ ಶರಬತ್ತಿನ ಬಣ್ಣ ಇವೆಲ್ಲವೂ ಇದೇ ಗುಂಪಿನ ದ್ರವ್ಯಗಳಿಂದ ಬಂದವು. (ಬೀಟ್‌ರೂಟ್ ಮತ್ತು ಕೆಂಪು ಹರಿವೆಯ ಬಣ್ಣ ಬೀಟಾಲೈನ್ ಎಂಬ ಬೇರೆಯೇ ದ್ರವ್ಯದ್ದು, ಕೆಂಪೆಲ್ಲ ಒಂದೇ ಅಲ್ಲ.) ಆಂಥೋಸಯನಿನ್ ನೀರಿನಲ್ಲಿ ಕರಗುತ್ತದೆ, ಜೀವಕೋಶದೊಳಗಿನ ರಸದಲ್ಲಿ ಶೇಖರವಾಗುತ್ತದೆ, ಆಮ್ಲೀಯ ರಸದಲ್ಲಿ ಕೆಂಪಾಗಿಯೂ ಆಮ್ಲ ಕಡಿಮೆಯಾದಂತೆ ನೇರಳೆ, ನೀಲಿಯಾಗಿಯೂ ತೋರುತ್ತದೆ. ಗಿಡ ಮಾಗುವ ಕಾಲಕ್ಕೆ ಪತ್ರಹರಿತು ಕರಗತೊಡಗುವುದರಿಂದ, ಅದುವರೆಗೆ ಹಸಿರಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಬಣ್ಣವೂ ಆಗ ಮೇಲೆ ಕಾಣಿಸುತ್ತದೆ.

ಪರೀಕ್ಷೆಯನ್ನು ತಳಿಯಿಂದ ಆರಂಭಿಸಬೇಕು. ಕ್ಯಾಲಿಫೋರ್ನಿಯಾದಿಂದ ಹೆಸರಾದ ಗ್ರ್ಯಾಂಡ್‌ಡ್ಯಾಡಿ ಪರ್ಪಲ್‌ನಂಥ ತಳಿಗಳಿಗೆ ಈ ಬಣ್ಣ ಹುಟ್ಟುಗುಣ. ಕೆಲವು ತಳಿಗಳಲ್ಲಿ ಬೆಚ್ಚಗಿನ ಕೋಣೆಯಲ್ಲೂ ಬಣ್ಣ ಬರುತ್ತದೆ, ಕೆಲವಕ್ಕೆ ಚಳಿ ತಾಗಬೇಕು, ಇನ್ನು ಕೆಲವು ಎಷ್ಟು ಚಳಿ ಹೊಡೆದರೂ ಹಸಿರಾಗಿಯೇ ಉಳಿಯುತ್ತವೆ. ಬೀಜದಿಂದ ಬೆಳೆಸಿದ್ದರೆ ಒಂದೇ ಪೊಟ್ಟಣದ ಎರಡು ಬೀಜಗಳಲ್ಲಿ ಒಂದು ನೇರಳೆಯಾಗಿ ಮತ್ತೊಂದು ಹಸಿರಾಗಿ ಬರುವುದು ಸಹಜ. ಒಡಹುಟ್ಟಿದವರ ಮೈಬಣ್ಣ ಬೇರೆಯಾಗುವಂತೆಯೇ ಇದು, ಇದರಲ್ಲಿ ಆತಂಕಪಡುವ ಸಂಗತಿ ಏನೂ ಇಲ್ಲ. ಬಣ್ಣ ಹೂಗೊಂಚಲಿನಲ್ಲಿ ಸಮನಾಗಿ ಹರಡಿದ್ದು, ಎಲೆಗಳು ಗಟ್ಟಿಯಾಗಿ ಆರೋಗ್ಯವಾಗಿದ್ದರೆ ಅದು ತಳಿಯ ಗುಣವೆಂದೇ ತಿಳಿಯಬಹುದು.

ಎರಡನೆಯದಾಗಿ ರಾತ್ರಿಯ ಉಷ್ಣತೆಯನ್ನು ನೋಡಬೇಕು. ಹಗಲು ಬಿಸಿಲಿದ್ದು ರಾತ್ರಿ 10 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಳಿಯುವ ದಿನಗಳಲ್ಲಿ, ಬಣ್ಣ ಬರುವ ಗುಣವಿರುವ ತಳಿಗಳು ಬೇಗನೆ ಬಣ್ಣ ತಳೆಯುತ್ತವೆ. ಚಳಿಯಲ್ಲಿ ಎಲೆಯ ಕೆಲಸ ನಿಧಾನವಾಗುತ್ತದೆ, ಆದರೆ ಬಿಸಿಲು ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಬೆಳಕು ಕೋಶಕ್ಕೆ ಹಾನಿ ಮಾಡದಂತೆ ಈ ವರ್ಣದ್ರವ್ಯ ಒಂದು ಪರದೆಯಾಗಿ ನಿಲ್ಲುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಬಣ್ಣ ಬಂದ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿಕೊಂಡಿರುವ ಜಾಗವನ್ನು ಎತ್ತಿ ನೋಡಿ. ನೆರಳು ಬಿದ್ದಷ್ಟು ಭಾಗ ಅಚ್ಚೊತ್ತಿದಂತೆ ಹಸಿರಾಗಿದ್ದರೆ ಅದು ಬೆಳಕಿಗೆ ಗಿಡ ಕೊಟ್ಟ ಉತ್ತರವೇ ಹೊರತು ರೋಗವಲ್ಲ. ಹಾಗೆಂದು ಬಣ್ಣದ ಆಸೆಗೆ ಬೇರಿಗೆ ಮಂಜುಗಡ್ಡೆಯ ನೀರು ಹಾಕುವ ಅಭ್ಯಾಸವನ್ನು ನಾನು ಒಪ್ಪಲಾರೆ. ತಣ್ಣಗಾದ ಬೇರು ರಂಜಕ (ಫಾಸ್ಫರಸ್) ಎಂಬ ಪೋಷಕಾಂಶವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಇಲ್ಲದ ಕೊರತೆಯನ್ನು ನಾವೇ ತಂದಿಟ್ಟಂತಾಗುತ್ತದೆ.

ರಂಜಕದ ಕೊರತೆ ನಮ್ಮ ರೈತರಿಗೆ ಹೊಸದಲ್ಲ. ಎಳೆಯ ಮೆಕ್ಕೆಜೋಳದ ಎಲೆಯಂಚು ನೇರಳೆಯಾದರೆ ರಂಜಕ ಸಾಲದೆಂದು ಹೊಲದಲ್ಲಿ ನಿಂತೇ ಹೇಳುವವರಿದ್ದಾರೆ. ಗಾಂಜಾದಲ್ಲಿ ಈ ಕೊರತೆ ಬುಡದ ಹಳೆಯ ಎಲೆಗಳಿಂದ ಶುರುವಾಗುತ್ತದೆ: ಎಲೆ ಮಂಕಾದ ಕಡುಹಸಿರಾಗಿ, ತೊಟ್ಟು ಮತ್ತು ಕಾಂಡ ಕೆನ್ನೇರಳೆಯಾಗಿ, ಬೆಳವಣಿಗೆ ಕುಂಠಿತವಾಗಿ, ಅನಂತರ ಎಲೆಯ ಮೇಲೆ ಒಣಗಿದ ಕಂದು ಮಚ್ಚೆಗಳು ಬೀಳುತ್ತವೆ. ಮೆಗ್ನೀಷಿಯಂ ಕೊರತೆಯಾದರೆ ಹಳೆಯ ಎಲೆಗಳ ನರ ಹಸಿರಾಗಿಯೇ ಉಳಿದು ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಬರೀ ತೊಟ್ಟು ಕೆಂಪಾಗಿ ಎಲೆಗಳು ಚೆನ್ನಾಗಿದ್ದರೆ ಕೊರತೆಯೆಂದು ತೀರ್ಮಾನಿಸಬಾರದು, ಏಕೆಂದರೆ ಹಲವು ತಳಿಗಳಿಗೆ ತೊಟ್ಟಿನ ಕೆಂಪು ಸಹಜ.

ಕೊರತೆಯ ಅನುಮಾನ ಬಂದಾಗಲೂ ಗೊಬ್ಬರದ ಡಬ್ಬಿಗೆ ಕೈಹಾಕುವ ಮೊದಲು ಮಣ್ಣಿನ ರಸಸಾರ (ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ) ಅಳೆಯಬೇಕು. ಮಣ್ಣಿನಲ್ಲಿ ಅದು 6ರಿಂದ 7ರ ನಡುವೆ, ತೆಂಗಿನ ನಾರಿನ ಪುಡಿಯಂಥ ಮಣ್ಣಿಲ್ಲದ ಮಾಧ್ಯಮದಲ್ಲಿ 5.5ರಿಂದ 6.5ರ ನಡುವೆ ಇರುವುದು ಒಳ್ಳೆಯದು. ಈ ಮಿತಿ ತಪ್ಪಿದರೆ ರಂಜಕ ಕುಂಡದಲ್ಲೇ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ಹೇಳಬೇಕು. ನೀರಿನ ರಸಸಾರ ಬದಲಿಸಿದರೆ ಹೂವಿನ ಬಣ್ಣವೂ ಬದಲಾಗುತ್ತದೆಂದು ಹೈಡ್ರೇಂಜಿಯಾ ಹೂವನ್ನು ಉದಾಹರಿಸುವವರಿದ್ದಾರೆ. ಹೈಡ್ರೇಂಜಿಯಾ ಆಮ್ಲೀಯ ಮಣ್ಣಿನಲ್ಲಿ ನೀಲಿಯಾಗುವುದು ಅಲ್ಲಿ ಬೇರಿಗೆ ಅಲ್ಯೂಮಿನಿಯಂ ಸಿಗುವುದರಿಂದ. ಗಾಂಜಾದ ಕೋಶರಸದ ಆಮ್ಲೀಯತೆಯನ್ನು ಗಿಡವೇ ಕಾಯ್ದುಕೊಳ್ಳುತ್ತದೆ, ನೀರುಣಿಸುವ ಡಬ್ಬಿಯಿಂದ ಅದನ್ನು ತಿದ್ದಲಾಗದು.

ನಿಜವಾಗಿ ಅವಸರ ಮಾಡಬೇಕಾದದ್ದು ಕೊಳೆತದ ವಿಷಯದಲ್ಲಿ. ಬೊಟ್ರೈಟಿಸ್ ಎಂಬ ಬೂದುಬಣ್ಣದ ಬೂಷ್ಟು ದಟ್ಟವಾದ ಹೂಗೊಂಚಲಿನ ಒಳಗಿನಿಂದ ಆರಂಭವಾಗುವುದರಿಂದ, ಹೊರಗಿನಿಂದ ನೋಡಿದಾಗ ಕಂದು ಮಿಶ್ರಿತ ನೇರಳೆಯಂತೆ ಕಂಡು ಮೋಸಮಾಡುತ್ತದೆ. ಗೊಂಚಲಿನಿಂದ ಹೊರಚಾಚಿದ ಒಂದು ಪುಟ್ಟ ಎಲೆ ಮಾತ್ರ ಇದ್ದಕ್ಕಿದ್ದಂತೆ ಒಣಗಿ, ಮೆಲ್ಲಗೆ ಎಳೆದರೆ ಬುಡಸಹಿತ ಕೈಗೆ ಬಂದರೆ, ಆ ಗೊಂಚಲನ್ನು ಬಿಡಿಸಿ ನೋಡಲೇಬೇಕು. ಒಳಗೆ ಮೆತ್ತಗಿನ ಕಂದು ಕಾಂಡ, ಬೂದು ಧೂಳು, ಹಳಸಿದ ವಾಸನೆ ಇದ್ದರೆ ಅದು ಕೊಳೆತ. ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಬಿಳಿ ಅಥವಾ ನಸುಗೆಂಪು ಎಳೆಗಳಾಗಿಯೂ ಹರಡಬಹುದು. ಅಂಥ ಭಾಗವನ್ನು ಆರೋಗ್ಯವಾಗಿರುವ ಕಾಂಡದ ಸ್ವಲ್ಪ ಭಾಗವನ್ನೂ ಸೇರಿಸಿ ಕತ್ತರಿಸಿ, ಚೀಲದಲ್ಲಿ ಕಟ್ಟಿ ಎಸೆದು, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಬೇಕು. ಬೂಷ್ಟು ಹಿಡಿದದ್ದನ್ನು ಒಣಗಿಸಿ ಬಳಸುವುದು ಶ್ವಾಸಕೋಶಕ್ಕೆ ಅಪಾಯಕಾರಿ. ರೋಗನಿರೋಧಕ ಶಕ್ತಿ ಕುಂದಿದವರಿಗಂತೂ ಪ್ರಾಣಾಪಾಯ ತರಬಹುದು.

ಕಣ್ಣಿನಿಂದ ತೀರ್ಮಾನಿಸಲಾಗದಿದ್ದಾಗ ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಣ್ಣ ಬಂದ ಎಲೆಯ ಚೂರನ್ನು ಜಜ್ಜಿ ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಎರಡು ಬಿಳಿ ಬಟ್ಟಲಿಗೆ ಹಂಚಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ನಿಂಬೆರಸದ್ದು ಗುಲಾಬಿಯಾಗಿ, ಸೋಡಾದ್ದು ನೀಲಿ-ಹಸಿರಿನ ಕಡೆಗೆ ತಿರುಗಿದರೆ ಅದು ಆಂಥೋಸಯನಿನ್. ಕೊಳೆತ ಎಲೆಯ ಕಂದು ನೀರಿನಲ್ಲಿ ಈ ಬದಲಾವಣೆ ಕಾಣುವುದಿಲ್ಲ. ಶಂಖಪುಷ್ಪದ ಕಷಾಯಕ್ಕೆ ನಿಂಬೆ ಹಿಂಡಿದಾಗ ನೀಲಿ ನೇರಳೆಯಾಗುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾದೀತು.

ನೇರಳೆಯದು ಹೆಚ್ಚು ಅಮಲಿನದು ಎಂಬ ಮಾತಿಗೆ ಆಧಾರವಿಲ್ಲ. ಅಮಲಿನ ಅಂಶವಾದ ಟಿಎಚ್‌ಸಿ ತಯಾರಾಗುವುದು ಹೂವಿನ ಮೇಲಿನ ಟ್ರೈಕೋಮ್ ಎಂಬ ಅಂಟು ರೋಮಗಳ ತಲೆಯಲ್ಲಿ, ಆಂಥೋಸಯನಿನ್ ಇರುವುದು ಎಲೆಯ ಕೋಶಗಳಲ್ಲಿ. ಒಂದು ಹೆಚ್ಚಾದರೆ ಇನ್ನೊಂದು ಹೆಚ್ಚಬೇಕೆಂದಿಲ್ಲ. ಕೊಯ್ಲಿನ ಹದವನ್ನೂ ಬಣ್ಣದಿಂದ ಅಳೆಯಬಾರದು. ಹೂವಿನ ಬಿಳಿಯ ನೂಲೆಳೆಗಳು ಮಾಗಿದಂತೆ ಕಿತ್ತಳೆ, ಕೆಂಗಂದು ಆಗುವುದು ಎಲ್ಲ ತಳಿಗಳಲ್ಲೂ ಇದ್ದದ್ದೇ. ಭೂತಗನ್ನಡಿಯಲ್ಲಿ ಟ್ರೈಕೋಮ್‌ಗಳು ಗಾಜಿನಂತೆ ತಿಳಿಯಾಗಿದ್ದದ್ದು ಹಾಲಿನಂತಾಗಿ, ಅಲ್ಲಲ್ಲಿ ಜೇನುಬಣ್ಣ ಮೂಡುವುದೇ ನಂಬತಕ್ಕ ಗುರುತು.

ಅಕ್ಟೋಬರ್ ಮಳೆ ಹಿಡಿಯುವ ಊರಿನಲ್ಲಿ ಗಿಡ ನೇರಳೆಯಾಗಿ ಟ್ರೈಕೋಮ್ ಇನ್ನೂ ತಿಳಿಯಾಗಿದ್ದರೆ, ಮೇಲೊಂದು ಪ್ಲಾಸ್ಟಿಕ್ ಚಪ್ಪರ ಹಾಕಿ, ಬದಿಗಳನ್ನು ಗಾಳಿಗೆ ತೆರೆದಿಟ್ಟು, ದಿನಕ್ಕೊಮ್ಮೆ ಗೊಂಚಲುಗಳನ್ನು ಬಿಡಿಸಿ ನೋಡುತ್ತ ಕಾಯಿರಿ. ಮುಂದಿನ ವರ್ಷಕ್ಕೆ ಬೇಗ ಹೂಬಿಡುವ ತಳಿಯ ಬೀಜವನ್ನೇ ಆರಿಸಿಕೊಂಡರೆ ಮಳೆ ಶುರುವಾಗುವ ಮೊದಲೇ ಕೊಯ್ಲು ಮುಗಿಸಬಹುದು.