ಕರಾವಳಿಯಿಂದ ಕುದುರೆಮುಖ ಶಿಖರಕ್ಕೆ ಹೊರಡುವವರಿಗೆ

ಶಿಖರದ ಎತ್ತರ 1894 ಮೀಟರ್. ಮಂಗಳೂರು, ಉಡುಪಿಯಿಂದ ಹತ್ತಿರವೇ ಅನಿಸಿದರೂ ಚಾರಣದ ದಾರಿ ಘಟ್ಟದ ಆಚೆ ಮಗ್ಗುಲಿನ ಮುಳ್ಳೋಡಿಯಿಂದ ಶುರುವಾಗುತ್ತದೆ. ಕಾರ್ಕಳ, ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ), ಕುದುರೆಮುಖ ಪಟ್ಟಣ ದಾಟಿ ಸಂಸೆ ಕಡೆಗೆ ಹೋಗಬೇಕು. ಬೆಳಿಗ್ಗೆ ಮನೆಯಿಂದ ಹೊರಟು ಅದೇ ದಿನ ಹತ್ತಿಳಿಯುವ ಲೆಕ್ಕ ಹಾಕಬೇಡಿ. ಹಿಂದಿನ ರಾತ್ರಿಯೇ ಸಂಸೆ ಅಥವಾ ಕಳಸದ ಹೋಂಸ್ಟೇ ಸೇರಿಕೊಳ್ಳಿ. ಮುಖ್ಯರಸ್ತೆಯಿಂದ ಮುಳ್ಳೋಡಿಗೆ ಕಲ್ಲು, ಹೊಂಡಗಳ ದಾರಿ. ಕಾರಿನ ಅಡಿ ಬಡಿಯುತ್ತದೆ, ಜೀಪೇ ಸರಿ.

ಇದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಅನುಮತಿಯನ್ನು ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಚೆಯೇ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ, ಶನಿವಾರ ಭಾನುವಾರದ್ದು ಬೇಗ ಮುಗಿಯುತ್ತದೆ. ಗುರುತಿನ ಚೀಟಿಯ ಅಸಲು ಪ್ರತಿ ಜೊತೆಗಿರಲಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಮೊದಲ ಸಲದವರಿಗೆ ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಕಾಲ ಒಳ್ಳೆಯದು.

ಹೋಗಿ ಬರಲು ಸುಮಾರು 20 ಕಿಲೋಮೀಟರ್: ಹತ್ತಲು ನಾಲ್ಕೈದು ಗಂಟೆ, ಇಳಿಯಲು ಮೂರೂವರೆ. ಏಳಕ್ಕೆ ಹೆಜ್ಜೆ ಹಾಕಿದರೆ ಮಧ್ಯಾಹ್ನದೊಳಗೆ ತುದಿ. ಎಲ್ಲೇ ಇರಲಿ, ಒಂದು ಗಂಟೆಗೆ ಹಿಂತಿರುಗುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಸಮುದ್ರದ ತೇವದ ಗಾಳಿ ಪಡುವಣ ಗೋಡೆಗೆ ಬಡಿದು ಮೇಲೇರಿ ತಣಿದು ಮಂಜಾಗುತ್ತದೆ. ಹತ್ತು ನಿಮಿಷದಲ್ಲಿ ಎದುರಿನವರೂ ಕಾಣದಂತಾಗಬಹುದು. ಆಗ ದಾರಿಯಂತೆಯೇ ಕಾಣುವ ಕಾಟಿಗಳ (ಕಾಡುಕೋಣಗಳ) ಜಾಡು ಹಿಡಿದು ಪ್ರಪಾತದ ಕಡೆ ಹೋಗುವ ಅಪಾಯ ಹೆಚ್ಚು. ಗುಂಪು ಒಟ್ಟಿಗೆ ಕೂತು ಕಾಯಲಿ, ಗೈಡ್ ಹೇಳಿದ ಮೇಲೆಯೇ ಏಳಿ.

ಬಟ್ಟೆಯ ವಿಷಯದಲ್ಲೇ ಕರಾವಳಿಯವರು ಹೆಚ್ಚಾಗಿ ತಪ್ಪುವುದು. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. ಬೆವರಿಗೆ ನೆನೆದ ಹತ್ತಿ ಬನಿಯನ್, ಜೀನ್ಸ್ ಬೇಗ ಒಣಗುವುದಿಲ್ಲ. ಬೋಳುಗುಡ್ಡದ ಗಾಳಿ ತಾಗಿದೊಡನೆ ನಡುಕ ಹತ್ತುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಅಂಗಿ ಹಾಕಿ, ಇನ್ನೊಂದನ್ನು ಕವರಿನಲ್ಲಿ ಕಟ್ಟಿಕೊಳ್ಳಿ, ಮೇಲೊಂದು ರೇನ್‌ಕೋಟ್. ಕೊಡೆ ಇಲ್ಲಿ ಗಾಳಿಗೆ ನಿಲ್ಲದು. ಹೊಸ ಬೂಟು ಹಿಮ್ಮಡಿ ಸುಲಿಯುತ್ತದೆ. ಎರಡು ವಾರ ಹಾಕಿ ಪಳಗಿಸಿದ, ಅಡಿಯ ಹಲ್ಲು ಸವೆಯದ ಬೂಟೇ ಬೇಕು.

ತೇವವಿದ್ದಲ್ಲಿ, ಅದರಲ್ಲೂ ಗುಡ್ಡದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನೊಳಗೆ, ಉಂಬಳ (ಜಿಗಣೆ) ಇದ್ದೇ ಇರುತ್ತವೆ. ಪ್ಯಾಂಟನ್ನು ಉದ್ದ ಸಾಕ್ಸಿನೊಳಗೆ ತುರುಕಿ, ಸಾಕ್ಸಿಗೆ ಹೊಗೆಸೊಪ್ಪಿನ ಪುಡಿ ಉಜ್ಜಿ. ಹತ್ತಿದ್ದನ್ನು ಎಳೆದರೆ ಗಾಯ ಹರಿಯುತ್ತದೆ. ಸಪೂರ ತುದಿಯೇ ಬಾಯಿ. ಅದರ ಬುಡಕ್ಕೆ ಉಗುರು ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಗಾಯ ತುಸು ಹೊತ್ತು ಸುರಿಯುತ್ತದೆ, ಹೆದರಬೇಡಿ. ತೊಳೆದು ಒತ್ತಿ ಹಿಡಿಯಿರಿ.

ಒಬ್ಬರಿಗೆ ಮೂರು ಲೀಟರ್ ನೀರು, ಜೊತೆಗೆ ಎರಡು ಪ್ಯಾಕೆಟ್ ಓಆರ್‌ಎಸ್. ಬುತ್ತಿಗೆ ಚಪಾತಿ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಸಾಕು. ಬೆಂಕಿಪೊಟ್ಟಣ ಒಯ್ಯಬೇಡಿ: ಒಣಹುಲ್ಲಿಗೆ ತಾಗಿದ ಕಿಡಿ ಗಾಳಿಗೆ ಗುಡ್ಡವನ್ನೇ ಹಿಡಿಯುತ್ತದೆ.

ಇಳಿಯುವಾಗ ಆಯಾಸದಿಂದ ಜಾರುವವರು ಹೆಚ್ಚು. ಲೇಸನ್ನು ಬಿಗಿಯಾಗಿ ಮತ್ತೆ ಕಟ್ಟಿ, ಮಂಡಿ ತುಸು ಬಗ್ಗಿಸಿ, ಗಿಡ್ಡ ಹೆಜ್ಜೆ ಇಡಿ. ಹಳ್ಳಗಳಲ್ಲಿ ಪಾಚಿಗಲ್ಲಿನ ಮೇಲೆ ಹಾರುವುದಕ್ಕಿಂತ ಬೂಟು ನೆನೆದರೂ ನೀರೊಳಗೇ ಕಾಲಿಟ್ಟು ದಾಟಿ.