ರಿಜಿಸ್ಟ್ರೇಷನ್‌ಗೆ ಮುಂಚೆ ಮನೆಗೊಂದು ಕೊನೇ ಸುತ್ತು

ಬೆಂಗಳೂರಲ್ಲಿ ಹಳೇ ಫ್ಲ್ಯಾಟ್ ಕೊಳ್ತಿದ್ದೀರಾ? ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಹಿಂದಿನ ದಿನ, ಹಗಲು ಬೆಳಕಲ್ಲಿ ಹೋಗಿ ನೋಡಿ. ಸಾಮಾನು ಖಾಲಿಯಾಗಿರಬೇಕು; ಬೀರು ಸರಿಸಿದ ಮೇಲೇ ಗೋಡೆಯ ತೇವ ಕಾಣೋದು.

ನಾನು ಮೊದಲು ನುಗ್ಗೋದು ಬಾತ್‌ರೂಮಿಗೆ. ಒಂದು ಬಕೆಟ್ ನೀರು ಸುರಿದು ಅಲ್ಲೇ ನಿಲ್ಲಿ. ಅದು ಜಾಲರಿ ಕಡೆ ಹರೀಬೇಕು, ಬಾಗಿಲ ಕಡೆಗಲ್ಲ. ಆಮೇಲೆ ಆಚೆಬದಿಯ ಗೋಡೆಗೆ ಅಂಗೈ ಒತ್ತಿ. ಹೊಸ ಬಣ್ಣ ಬಳಿದಿದ್ದರಂತೂ ನನಗೆ ಅನುಮಾನ ಜಾಸ್ತಿ. ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮೇಲೆ ಬಣ್ಣ ಉಬ್ಬಿದೆಯಾ, ಬೆರಳಿಗೆ ಬಿಳಿ ಪುಡಿ ಅಂಟುತ್ತಾ ನೋಡಿ.

ಮೊಬೈಲ್ ಚಾರ್ಜರ್ ಹಿಡಿದು ಪ್ರತಿ ಪ್ಲಗ್ ಪರೀಕ್ಷಿಸಿ. ಬಿಟ್ಟುಕೊಡ್ತೀವಿ ಅಂದಿದ್ದ ಗೀಸರ್, ಫ್ಯಾನು ಅಲ್ಲೇ ಇವೆಯಾ?

ಬೆಸ್ಕಾಂ ಬಿಲ್, ಮೆಂಟೆನೆನ್ಸ್ ಬಾಕಿ, ಇ-ಖಾತಾದಲ್ಲಿನ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಹೆಸರು ನೋಡಿಕೊಳ್ಳಿ. ಇಸಿ (ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸುವ ಪತ್ರ) ಮಾತ್ರ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಹೊಸದಾಗಿ ತೆಗೆಸಿ, ಮಧ್ಯೆ ಮನೆ ಅಡವಿಟ್ಟಿರಬಹುದು. ಕೊರತೆ ಕಂಡರೆ, ಡಿಡಿ ಕೊಡುವ ಮುಂಚೆಯೇ ರಿಪೇರಿ ಖರ್ಚು ಮಾತಾಡಿ ಬರೆಸಿಕೊಳ್ಳಿ.