ಪ್ರಶ್ನೆ ಚಿಹ್ನೆ ಬಿದ್ದ ಸಾಲುಗಳು: ಆಬ್ಜ್‌ಟೂಲ್ ದೋಷವೊಂದನ್ನು ಸರಿಪಡಿಸಿದ ನನ್ನ ಅನುಭವ

ಬಳ್ಳಾರಿ ಸುತ್ತಲಿನ ಉಕ್ಕಿನ ಘಟಕಗಳಲ್ಲಿ ಕುಲುಮೆಯ ಉಷ್ಣತೆಯನ್ನೂ ಒತ್ತಡವನ್ನೂ ದಾಖಲಿಸುವ ಸಣ್ಣ ಕಂಪ್ಯೂಟರುಗಳಿಗೆ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು, ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಕೌಲ್ ಬಜಾರಿನ ಒಂದು ಮಾಳಿಗೆ ಕೋಣೆಯಲ್ಲಿ ನಾನು ಮತ್ತು ಸಿರುಗುಪ್ಪದಿಂದ ಬರುವ ಒಬ್ಬ ಹುಡುಗ, ಇಬ್ಬರೇ ಕುಳಿತು ಇದನ್ನು ಮಾಡುತ್ತೇವೆ. ಒಂದು ಬೇಸಿಗೆಯ ಬೆಳಿಗ್ಗೆ ಘಟಕವೊಂದರಿಂದ ಫೋನಿನಲ್ಲಿ ತೆಗೆದ ಚಿತ್ರ ಬಂತು. ಪರದೆಯ ತುಂಬ ಕರ್ನಲ್ ಊಪ್ಸ್, ಅಂದರೆ ಕರ್ನಲ್ ತಪ್ಪಿಗೆ ಸಿಕ್ಕಿಬಿದ್ದಾಗ ಕೊಡುವ ಸಂದೇಶವಿತ್ತು. ಅದರ ಕೆಳಗಿನ ಕಾಲ್ ಟ್ರೇಸಿನಲ್ಲಿ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ ಇರಬೇಕಾಗಿತ್ತು. ಪಟ್ಟಿ ಇತ್ತು ನಿಜ, ಆದರೆ ಮೊದಲ ಸಾಲಿನ ನಂತರ ಬಹುತೇಕ ಎಲ್ಲ ಹೆಸರುಗಳ ಹಿಂದೆಯೂ ಪ್ರಶ್ನೆ ಚಿಹ್ನೆ ಬಿದ್ದಿತ್ತು.

ಆ ಚಿಹ್ನೆಯ ಅರ್ಥ ಇಷ್ಟೆ: ಈ ವಿಳಾಸ ಸ್ಟ್ಯಾಕಿನಲ್ಲಿ (ಕರೆಗಳ ಹಿಂದಿರುಗುವ ವಿಳಾಸಗಳನ್ನು ಒಂದರ ಮೇಲೊಂದು ಇಡುವ ಮೆಮೊರಿ ಜಾಗ) ಕಣ್ಣಿಗೆ ಬಿದ್ದಿದೆ, ಆದರೆ ಕರೆಯ ಸರಪಳಿಯಲ್ಲಿ ಇದು ನಿಜವಾಗಿ ಇತ್ತೆಂದು ಕರ್ನಲ್ ಖಾತ್ರಿಯಾಗಿ ಹೇಳಲಾರದು. ಹಳೆಯ ಕರೆಗಳ ಪಳೆಯುಳಿಕೆಗಳೂ ಅದೇ ಸಾಲಿನಲ್ಲಿ ಸೇರಿಕೊಂಡಿರುತ್ತವೆ. ಯಂತ್ರ ಎಲ್ಲಿ ಬಿತ್ತು ಎಂಬುದು ತಿಳಿದಿತ್ತು, ಯಾವ ದಾರಿಯಲ್ಲಿ ಅಲ್ಲಿಗೆ ಬಂದು ಬಿತ್ತು ಎಂಬುದು ತಿಳಿಯಲಿಲ್ಲ. ಇದಕ್ಕೆ ಕಾರಣ ನಾನೇ. ನಾಲ್ಕು ತಿಂಗಳ ಹಿಂದೆ ನಮ್ಮ ಸೆನ್ಸರ್ ಡ್ರೈವರನ್ನು ಕಂಪೈಲ್ ಮಾಡುವಾಗ, ತಯಾರಾದ ಯಂತ್ರಾದೇಶಗಳನ್ನು ಪರೀಕ್ಷಿಸುವ ಆಬ್ಜ್‌ಟೂಲ್ ಎಂಬ ಟೂಲ್ ಕೆಲವು ವಾರ್ನಿಂಗ್ ಕೊಟ್ಟಿತ್ತು. ಗಡುವು ಹತ್ತಿರವಿದ್ದುದರಿಂದ ನಾನು ಬಿಲ್ಡಿನ ಸೂಚನೆಗಳಿರುವ ಮೇಕ್‌ಫೈಲಿನಲ್ಲಿ ಒಂದು ಸಾಲು ಸೇರಿಸಿ, ಆ ಕಡತವನ್ನು ಪರೀಕ್ಷಿಸಬೇಡ ಎಂದು ಆ ಟೂಲಿಗೆ ಹೇಳಿಬಿಟ್ಟಿದ್ದೆ. ವಾರ್ನಿಂಗ್ ಹೋಯಿತು, ಅದರ ಜೊತೆಗೆ ಆ ಕಡತದ ಸ್ಟ್ಯಾಕನ್ನು ಬಿಡಿಸಿ ಓದಲು ಬೇಕಾದ ಮಾಹಿತಿಯೂ ಹೋಯಿತು.

ಆಬ್ಜ್‌ಟೂಲ್ ಏನು ಮಾಡುತ್ತದೆ ಎಂದು ನಮ್ಮ ಹುಡುಗನಿಗೆ ವಿವರಿಸಲು ನಮ್ಮ ಕೆಳಗಿನ ಮನೆಯ ಜೀನ್ಸ್ ಘಟಕವನ್ನೇ ತೋರಿಸಿದೆ. ಅಲ್ಲಿ ಹೊಲಿದಾದ ಪ್ಯಾಂಟನ್ನು ಒಳಮೈ ಹೊರಗೆ ತಿರುಗಿಸಿ ಪ್ರತಿ ಹೊಲಿಗೆಯ ಮೇಲೂ ಬೆರಳಾಡಿಸಿ ನೋಡುವ ಒಬ್ಬರು ಇರುತ್ತಾರೆ. ಕತ್ತರಿಸಿದವರು ಏನು ಅಂದುಕೊಂಡಿದ್ದರು ಎಂಬುದನ್ನು ಅವರು ಕೇಳುವುದಿಲ್ಲ, ಕೈಯಲ್ಲಿರುವ ಬಟ್ಟೆಯನ್ನಷ್ಟೇ ನಂಬುತ್ತಾರೆ. ಆಬ್ಜ್‌ಟೂಲ್ ಕೂಡ ಸಿ ಭಾಷೆಯ ಮೂಲವನ್ನು ನೋಡುವುದೇ ಇಲ್ಲ. ಕಂಪೈಲರ್ ಆಬ್ಜೆಕ್ಟ್ ಫೈಲ್ ಬರೆದು ಮುಗಿಸಿದ ತಕ್ಷಣ ಅದನ್ನು ತೆರೆದು, ಅದರೊಳಗಿನ ಒಂದೊಂದು ಯಂತ್ರಾದೇಶವನ್ನೂ ಡಿಕೋಡ್ ಮಾಡಿ, ಪ್ರತಿ ಫಂಕ್ಷನ್ನಿನ ಪ್ರತಿ ಕವಲಿನಲ್ಲೂ ನಡೆದುಹೋಗುತ್ತದೆ. ಜಾಶ್ ಪೊಯಿಂಬೋಫ್ ಬರೆದ ಈ ಟೂಲ್ 2016ರಲ್ಲಿ ಕರ್ನಲ್ 4.6ರೊಂದಿಗೆ ಬಂತು. 2017ರ 4.14ರಲ್ಲಿ ಆರ್ಕ್ ಎಂಬ ಹೊಸ ಅನ್‌ವೈಂಡರ್, ಅಂದರೆ ಸ್ಟ್ಯಾಕನ್ನು ಬಿಡಿಸಿ ಓದುವ ಭಾಗ, ಸೇರಿದ ಮೇಲೆ ಇದರ ಜವಾಬ್ದಾರಿ ದೊಡ್ಡದಾಯಿತು. ಅಲ್ಲಿಯವರೆಗೆ ತಪ್ಪು ತೋರಿಸುವುದಷ್ಟೇ ಅದರ ಕೆಲಸವಾಗಿತ್ತು. ಆಮೇಲೆ, ಕರ್ನಲ್ ಓಡುವಾಗ ಸ್ಟ್ಯಾಕನ್ನು ಬಿಡಿಸಲು ಬಳಸುವ ಕೋಷ್ಟಕವನ್ನೂ ಅದೇ ಬರೆಯತೊಡಗಿತು.

ಕೋಷ್ಟಕದ ಲೆಕ್ಕ ಸರಳ. ಎಕ್ಸ್86ರ 64 ಬಿಟ್ ಯಂತ್ರದಲ್ಲಿ ಫಂಕ್ಷನ್ ಆರಂಭವಾಗುವಾಗ, ಕರೆದವರ ಸ್ಟ್ಯಾಕಿನ ಅಂಚು, ಸ್ಟ್ಯಾಕಿನ ತುದಿಯನ್ನು ತೋರುವ ಆರ್‌ಎಸ್‌ಪಿ ಎಂಬ ರಿಜಿಸ್ಟರಿಗಿಂತ (ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹ) 8 ಬೈಟು ಮೇಲಿರುತ್ತದೆ, ಏಕೆಂದರೆ ಹಿಂದಿರುಗುವ ವಿಳಾಸ ಆಗಷ್ಟೇ ಅಲ್ಲಿ ಬಂದು ಕುಳಿತಿದೆ. ಒಂದು ಪುಶ್ ಆದರೆ, ಅಂದರೆ ಸ್ಟ್ಯಾಕಿಗೆ ಒಂದು ಮೌಲ್ಯ ಸೇರಿದರೆ, ಅಂತರ 16 ಆಗುತ್ತದೆ, ಇನ್ನೊಂದಾದರೆ 24. ಆಬ್ಜ್‌ಟೂಲ್ ಹೀಗೆ ಎಣಿಸುತ್ತ ಹೋಗಿ, ರಿಟರ್ನ್ ಬಂದಾಗ ಅಂತರ ಮತ್ತೆ 8ಕ್ಕೆ ಇಳಿದಿದೆಯೇ, ಬೇರೆ ಬೇರೆ ದಾರಿಯಲ್ಲಿ ಬಂದು ಕೂಡುವ ಜಾಗದಲ್ಲಿ ಎರಡೂ ಲೆಕ್ಕ ತಾಳೆಯಾಗುತ್ತವೆಯೇ ಎಂದು ನೋಡುತ್ತದೆ. ಅದು ನಡೆಯದ ದಾರಿಯ ಆದೇಶಗಳಿಗೆ ಲೆಕ್ಕವಿಲ್ಲ, ಲೆಕ್ಕವಿಲ್ಲದ ಜಾಗದಲ್ಲಿ ಟ್ರೇಸ್ ನಿಲ್ಲುತ್ತದೆ.

ಮೇಕ್‌ಫೈಲಿನ ಆ ಸಾಲನ್ನು ತೆಗೆದು ಮತ್ತೆ ಕಂಪೈಲ್ ಮಾಡಿದಾಗ ಹಳೆಯ ವಾರ್ನಿಂಗುಗಳೆಲ್ಲ ಮರಳಿ ಬಂದವು. ಹುಡುಗ ನನ್ನ ಹಿಂದೆ ನಿಂತು ನೋಡುತ್ತಿದ್ದವನು, "ಅಣ್ಣಾ, ಬಿಲ್ಡ್ ಆಗೈತಲ್ಲ, ಬರೇ ವಾರ್ನಿಂಗ್ ಅದಾವು. ಯಾಕ ಇಷ್ಟು ತಲಿ ಕೆಡಿಸ್ಕೊಂತೀರಿ?" ಎಂದ. "ಬಿಲ್ಡ್ ಆದ್ರ ಸಾಕಾಗಂಗಿಲ್ಲಪ್ಪಾ. ಅದು ಬಿದ್ದ ದಿನ ಯಾವ ದಾರಿಲಿಂದ ಬಂದು ಬಿತ್ತು ಅಂತ ಯಾರು ಹೇಳ್ಬೇಕು?" ಎಂದೆ. ನಾಲ್ಕು ತಿಂಗಳ ಹಿಂದೆ ಅವನ ಮಾತನ್ನೇ ನಾನೂ ಮನಸ್ಸಿನಲ್ಲಿ ಆಡಿಕೊಂಡಿದ್ದೆ.

ವಾರ್ನಿಂಗ್ ಬಂದಾಗ ತಪ್ಪು ಮೂವರಲ್ಲಿ ಒಬ್ಬರದು: ಬರೆದವರದು, ಕಂಪೈಲರಿನದು, ಇಲ್ಲವೇ ಆಬ್ಜ್‌ಟೂಲಿನದು. ಮೊದಲನೆಯ ವಾರ್ನಿಂಗ್ ಬರೆದವರ ತಪ್ಪನ್ನೇ ತೋರಿಸಿತು. ಕೈಯಿಂದ ಬರೆದ ಅಸೆಂಬ್ಲಿ ಚೆಕ್‌ಸಮ್ ಭಾಗದಲ್ಲಿ, ದೋಷ ಬಂದಾಗ ಮಾತ್ರ ನಡೆಯುವ ಒಂದು ದಾರಿಯಲ್ಲಿ ಪುಶ್ ಮಾಡಿದ ರಿಜಿಸ್ಟರನ್ನು ಪಾಪ್ ಮಾಡಿ ಮರಳಿ ತೆಗೆಯದೆ ರಿಟರ್ನ್ ಆಗುತ್ತಿತ್ತು. ಒಮ್ಮೆ ಆ ದಾರಿ ತುಳಿದಿದ್ದರೆ ಯಂತ್ರ ಅಲ್ಲೇ ಕುಸಿಯುತ್ತಿತ್ತು. ಇಷ್ಟು ದಿನ ಯಾರೂ ತುಳಿದಿರಲಿಲ್ಲ ಅಷ್ಟೆ.

ಎರಡನೆಯದು, ಫಂಕ್ಷನ್ ತನ್ನ ಮಿತಿ ದಾಟಿ ಮುಂದಿನ ಫಂಕ್ಷನ್ನಿನೊಳಗೆ ಜಾರುತ್ತಿದೆ ಎಂಬ ದೂರು. ಯಂತ್ರವನ್ನು ಪೂರ್ತಿ ನಿಲ್ಲಿಸುವ, ಎಂದೂ ಹಿಂದಿರುಗದ ಒಂದು ಫಂಕ್ಷನ್ ನಮ್ಮ ಇನ್ನೊಂದು ಕಡತದಲ್ಲಿದೆ. ಅದು ಹಿಂದಿರುಗುವುದಿಲ್ಲ ಎಂದು ಹೆಡರಿನಲ್ಲಿ (ಫಂಕ್ಷನ್ನುಗಳ ಘೋಷಣೆ ಇರುವ ಕಡತ) ಬರೆದಿರುವುದರಿಂದ ಕಂಪೈಲರ್ ಆ ಕರೆಯ ಮುಂದೆ ಏನನ್ನೂ ಬರೆಯುವುದಿಲ್ಲ. ಆದರೆ ಹೆಡರಿನ ಆ ಮಾತು ಆಬ್ಜೆಕ್ಟ್ ಫೈಲಿನಲ್ಲಿ ಉಳಿಯುವುದಿಲ್ಲ. ಅದೇ ಕಡತದ ಫಂಕ್ಷನ್ ಆಗಿದ್ದರೆ ಆಬ್ಜ್‌ಟೂಲ್ ಅದರೊಳಗೆ ಹೊಕ್ಕು ನೋಡಿ ತಾನೇ ತಿಳಿದುಕೊಳ್ಳುತ್ತದೆ. ಬೇರೆ ಕಡತದ್ದಾದರೆ ಅದಕ್ಕೆ ದಾರಿಯಿಲ್ಲ. ಅದಕ್ಕಾಗಿಯೇ ಇಂಥ ಹೆಸರುಗಳ ಪಟ್ಟಿಯೊಂದು ಟೂಲಿನೊಳಗೇ ಇದೆ. ನಾವು ಬಳಸುವ 5.10ರಲ್ಲಿ ಅದು ಚೆಕ್.ಸಿ ಕಡತದಲ್ಲಿದೆ, ಈಚಿನ ಆವೃತ್ತಿಗಳಲ್ಲಿ ಅದಕ್ಕೆ ಪ್ರತ್ಯೇಕ ಹೆಡರ್ ಇದೆ. ನಮ್ಮ ಹೆಸರನ್ನು ಅಲ್ಲಿ ಸೇರಿಸಿದೆ.

ಮೂರನೆಯದೇ ನನ್ನ ಎರಡು ವಾರ ತೆಗೆದುಕೊಂಡದ್ದು. ವಾರ್ನಿಂಗ್ ಎರಡಿದ್ದವು: ಸ್ಟ್ಯಾಕ್ ಬದಲಾಗಿರುವಾಗಲೇ ಸಿಬ್ಲಿಂಗ್ ಕಾಲ್ (ಹಿಂದಿರುಗದೆ ನೇರವಾಗಿ ಇನ್ನೊಂದು ಫಂಕ್ಷನ್ನಿಗೆ ಜಿಗಿಯುವುದು) ಆಗಿದೆ ಎಂದು ಒಂದು, ತಲುಪಲಾಗದ ಆದೇಶವಿದೆ ಎಂದು ಇನ್ನೊಂದು. ಎರಡೂ ಒಂದೇ ಫಂಕ್ಷನ್ನಿನಲ್ಲಿದ್ದವು. ಸೆನ್ಸರಿನಿಂದ ಬರುವ ಪ್ಯಾಕೆಟ್ಟುಗಳನ್ನು ಲೂಪಿನಲ್ಲಿ ಓದುವ ಫಂಕ್ಷನ್ ಅದು. ಒಳಗೆ ಪ್ಯಾಕೆಟ್ಟಿನ ಬಗೆಗೆ ಒಂದು ಸ್ವಿಚ್ (ಮೌಲ್ಯ ನೋಡಿ ಹಲವು ಕೇಸುಗಳಲ್ಲಿ ಒಂದಕ್ಕೆ ಹೋಗುವ ಕವಲು), ಸಂಪರ್ಕದ ಸ್ಥಿತಿಗೆ ಇನ್ನೊಂದು ಸ್ವಿಚ್ ಇವೆ. ಆಬ್ಜ್‌ಡಂಪ್ ಎಂಬ ಟೂಲಿನಿಂದ ಅದರ ಯಂತ್ರಾದೇಶಗಳನ್ನು ರಿಲೊಕೇಶನ್ (ಆಮೇಲೆ ತುಂಬಬೇಕಾದ ವಿಳಾಸಗಳ ಗುರುತು) ಸಮೇತ ತೆಗೆದು, ಕಾಗದದ ಮೇಲೆ ಮುದ್ರಿಸಿಕೊಂಡು, ಬಾಣದ ಗುರುತು ಹಾಕುತ್ತ ಓದಿದೆ. ಆದೇಶಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಎಲ್ಲ ಕೇಸುಗಳೂ ಸ್ವಿಚ್ಚಿನ ಜಂಪ್ ಟೇಬಲ್ಲಿನಿಂದ, ಅಂದರೆ ಪ್ರತಿ ಕೇಸಿನ ವಿಳಾಸವಿರುವ ಪಟ್ಟಿಯಿಂದ, ತಲುಪುವಂಥವೇ ಆಗಿದ್ದವು. ಹಾಗಾದರೆ ಆಬ್ಜ್‌ಟೂಲ್ ಆ ಟೇಬಲ್ಲನ್ನು ಕಂಡಿರಲಿಲ್ಲ.

ಇಲ್ಲಿ ಒಂದು ಹಿನ್ನೆಲೆ ಹೇಳಬೇಕು. ರೆಟ್‌ಪೊಲೀನ್ (ಪ್ರೊಸೆಸರಿನ ಸ್ಪೆಕ್ಟರ್ ದೋಷದ ವಿರುದ್ಧದ) ರಕ್ಷಣೆ ಇರುವ ಸಾಮಾನ್ಯ ಬಿಲ್ಡಿನಲ್ಲಿ, ಜಂಪ್ ಟೇಬಲ್ ಮಾಡಬೇಡ ಎಂದು ಕರ್ನಲಿನ ಮೇಕ್‌ಫೈಲೇ ಜಿಸಿಸಿ ಕಂಪೈಲರಿಗೆ ಹೇಳುತ್ತದೆ. ನಮ್ಮ ಯಂತ್ರಗಳು ಹೊರಗಿನ ಜಾಲಕ್ಕೆ ಸೇರಿರುವುದಿಲ್ಲ, ನಮ್ಮ ಪ್ರೋಗ್ರಾಂ ಬಿಟ್ಟು ಬೇರೆಯದನ್ನು ಓಡಿಸುವುದೂ ಇಲ್ಲ. ಪ್ರೊಸೆಸರ್ ಹಳೆಯದಾದ್ದರಿಂದ ನಾನು ಆ ರಕ್ಷಣೆಯನ್ನು ತೆಗೆದುಹಾಕಿದ್ದೆ. ಹೆಚ್ಚಿನವರ ಬಿಲ್ಡಿನಲ್ಲಿ ಕಾಣದ ದಾರಿಯೊಂದು ನಮ್ಮಲ್ಲಿ ತೆರೆದದ್ದು ಹೀಗೆ.

ಜಂಪ್ ಟೇಬಲ್ಲಿಗೆ ಹೆಸರಿರುವುದಿಲ್ಲ. ಅದು ರೋಡೇಟಾ ಎಂಬ, ಓದಲಷ್ಟೇ ಇರುವ ದತ್ತಾಂಶದ ವಿಭಾಗದಲ್ಲಿ ಅನಾಮಧೇಯವಾಗಿ ಕುಳಿತ ವಿಳಾಸಗಳ ಸಾಲು. ಆದ್ದರಿಂದ ರಿಜಿಸ್ಟರಿನ ಮೂಲಕ ಜಿಗಿಯುವ ಆದೇಶ ಕಂಡಾಗ ಆಬ್ಜ್‌ಟೂಲ್ ಅಲ್ಲಿಂದ ಹಿಂದಕ್ಕೆ ನಡೆಯುತ್ತ, ರೋಡೇಟಾವನ್ನು ತೋರುವ ಮೊದಲ ಯೋಗ್ಯ ಆದೇಶವನ್ನೇ ಹಿಡಿದು, ಅದೇ ಟೇಬಲ್ ಎಂದು ಊಹಿಸುತ್ತದೆ. ದಾರಿಯಲ್ಲಿ ಇನ್ನೊಂದು ಅಂಥದೇ ಜಿಗಿತ ಎದುರಾದರೆ ಹುಡುಕುವುದನ್ನು ನಿಲ್ಲಿಸುತ್ತದೆ. ನಮ್ಮ ಫಂಕ್ಷನ್ನಿನಲ್ಲಿ ಕಂಪೈಲರ್ ಎರಡೂ ಟೇಬಲ್ಲುಗಳ ವಿಳಾಸವನ್ನು ಲೂಪಿನ ಹೊರಗೇ ರಿಜಿಸ್ಟರಿಗೆ ತುಂಬಿಟ್ಟುಕೊಂಡಿತ್ತು: ಮೊದಲನೆಯದನ್ನು ಆರ್12ಕ್ಕೆ, ಅದರ ಕೆಳಗೆ ಎರಡನೆಯದನ್ನು ಆರ್13ಕ್ಕೆ. ಮೊದಲ ಸ್ವಿಚ್ಚಿನ ಜಿಗಿತದಿಂದ ಹಿಂದೆ ನಡೆದ ಆಬ್ಜ್‌ಟೂಲಿಗೆ ಮೊದಲು ಸಿಕ್ಕಿದ್ದು ಆರ್13ರ ಟೇಬಲ್, ಎಂದರೆ ಇನ್ನೊಂದು ಸ್ವಿಚ್ಚಿನದು. ಅದರ ವಿಳಾಸಗಳೂ ಅದೇ ಫಂಕ್ಷನ್ನಿಗೆ ಸೇರಿದವಾದ್ದರಿಂದ ಅನುಮಾನ ಬರಲಿಲ್ಲ. ಎರಡನೆಯ ಜಿಗಿತದಿಂದ ಹಿಂದೆ ನಡೆದಾಗ ಮೊದಲ ಜಿಗಿತವೇ ಅಡ್ಡ ಬಂತು. ಟೇಬಲ್ ಸಿಗದ ಆ ಜಿಗಿತವನ್ನು ಅದು ಹೊರಗಿನ ಫಂಕ್ಷನ್ನಿಗೆ ಹೋಗುವ ಸಿಬ್ಲಿಂಗ್ ಕಾಲ್ ಎಂದು ತಿಳಿಯಿತು. ಮೊದಲ ಸ್ವಿಚ್ಚಿನ ಕೇಸುಗಳು ಅನಾಥವಾಗಿ ಉಳಿದವು. ಎರಡು ವಾರ್ನಿಂಗುಗಳೂ ಒಂದೇ ಬೇರಿನವು.

ಆಬ್ಜ್‌ಟೂಲಿನ ಮೂಲವನ್ನು ತೆರೆದು ಆ ಭಾಗ ಓದಿದಾಗ ನನಗೆ ಗೌರವ ಮೂಡಿದ್ದು ಅಲ್ಲಿದ್ದ ದೀರ್ಘ ಟಿಪ್ಪಣಿಯ ಬಗ್ಗೆ. ನಡುವಿನ ಆದೇಶಗಳೇ ರೋಡೇಟಾವನ್ನು ಬಳಸಿದರೆ ಗೊಂದಲವಾದೀತು, ತುಂಬುವ ಆದೇಶವೂ ಜಿಗಿಯುವ ಆದೇಶವೂ ಒಂದೇ ರಿಜಿಸ್ಟರನ್ನು ಬಳಸುತ್ತವೆಯೇ ಎಂದು ನೋಡುವುದು ಮುಂದೆ ಮಾಡಬೇಕಾದ ಕೆಲಸ ಎಂದು ಬರೆದವರೇ ಒಪ್ಪಿಕೊಂಡು ಬರೆದಿಟ್ಟಿದ್ದಾರೆ. ತಮ್ಮ ಊಹೆಯ ಮಿತಿಯನ್ನು ಹೀಗೆ ಬರೆದಿಡುವುದು ದೊಡ್ಡ ಉಪಕಾರ. ನನ್ನ ಪ್ಯಾಚ್ (ತಿದ್ದುಪಡಿ) ಅದೇ ಕೆಲಸವನ್ನು ಮಾಡಿತು: ಜಿಗಿತದ ಬೇಸ್ ರಿಜಿಸ್ಟರನ್ನು, ಅಂದರೆ ಟೇಬಲ್ಲಿನ ವಿಳಾಸವಿರುವ ರಿಜಿಸ್ಟರನ್ನು, ಡಿಕೋಡರಿನಲ್ಲಿ ನೆನಪಿಟ್ಟುಕೊಳ್ಳುವುದು, ಹಿಂದೆ ನಡೆಯುವಾಗ ಅದೇ ರಿಜಿಸ್ಟರಿಗೆ ತುಂಬುವ ಆದೇಶವನ್ನು ಮಾತ್ರ ಒಪ್ಪುವುದು, ಬೇರೆ ಜಿಗಿತ ಅಡ್ಡ ಬಂದರೂ ಮುಂದೆ ಸಾಗುವುದು, ನಡುವೆ ಆ ರಿಜಿಸ್ಟರಿಗೆ ಬೇರೇನಾದರೂ ಬರೆದಿದ್ದರೆ ನಿಲ್ಲಿಸುವುದು.

ಮೊದಲು ಎರಡು ಸ್ವಿಚ್ ಇರುವ ನಲವತ್ತು ಸಾಲಿನ ಸಣ್ಣ ಸಿ ಕಡತವೊಂದನ್ನು ಬರೆದು, ಅದೇ ಎರಡು ವಾರ್ನಿಂಗ್ ಬರುವಂತೆ ಮಾಡಿಕೊಂಡಿದ್ದೆ. ಪ್ಯಾಚ್ ಹಾಕಿದ ಮೇಲೆ ಅಲ್ಲಿ ಎರಡೂ ಮಾಯವಾದವು. ಅಷ್ಟಕ್ಕೇ ತೃಪ್ತನಾಗದೆ, ಇಡೀ ಕರ್ನಲಿನ ಎಲ್ಲ ಆಬ್ಜೆಕ್ಟ್ ಫೈಲುಗಳ ಆರ್ಕ್ ಕೋಷ್ಟಕವನ್ನು ಪ್ಯಾಚಿನ ಮುಂಚೆ ಒಮ್ಮೆ, ನಂತರ ಒಮ್ಮೆ ಡಂಪ್ ಮಾಡಿ, ಎರಡರ ವ್ಯತ್ಯಾಸ ತೋರಿಸುವ ಡಿಫ್ ತೆಗೆದೆ. ನಮ್ಮ ಫಂಕ್ಷನ್ ಒಂದೇ ಬದಲಾಗಬೇಕಿತ್ತು. ಆದರೆ ಮೊದಲು ಸರಿಯಾಗಿದ್ದ ಬೇರೆ ಕಡೆಯ ಫಂಕ್ಷನ್ನುಗಳೂ ಲೆಕ್ಕ ಕಳೆದುಕೊಂಡಿದ್ದವು.

ತಪ್ಪು ಒಂದು ಬಿಟ್ಟಿನದು. ಆರ್12ನ್ನು ಬೇಸ್ ಮಾಡಿಕೊಂಡು ಜಿಗಿಯುವ ಆದೇಶದ ಬೈಟುಗಳು 41 ಎಫ್‌ಎಫ್ 24 ಸಿ4. ಕೊನೆಯ ಬೈಟಿನ ಕೆಳಗಿನ ಮೂರು ಬಿಟ್ಟುಗಳಲ್ಲಿ ಇರುವುದು 100 ಮಾತ್ರ, ಅಂದರೆ 4. ಆ ಸಂಖ್ಯೆ ಆರ್‌ಎಸ್‌ಪಿಯದೂ ಹೌದು. ಅದನ್ನು 12 ಮಾಡುವ ನಾಲ್ಕನೆಯ ಬಿಟ್ ಇರುವುದು ಮೊದಲಿನ 41 ಎಂಬ ರೆಕ್ಸ್ ಪ್ರಿಫಿಕ್ಸಿನಲ್ಲಿ. ನಾನು ಬರೆದ ಸಾಲು ಆ ಬಿಟ್ಟನ್ನು ಸೇರಿಸಿರಲಿಲ್ಲ. ತುಂಬುವಾಗಲೂ 4, ಜಿಗಿಯುವಾಗಲೂ 4 ಆದ್ದರಿಂದ ಸಣ್ಣ ಕಡತದಲ್ಲಿ ತಾಳೆಯಾಯಿತು. ಆದರೆ ನಡುವೆ ಸ್ಟ್ಯಾಕಿನಲ್ಲಿ ಜಾಗ ಮಾಡಿಕೊಳ್ಳಲು ಆರ್‌ಎಸ್‌ಪಿಯಿಂದ ಕಳೆಯುವ ಆದೇಶ ಬಂದ ಕಡೆಯಲ್ಲೆಲ್ಲ, ಆರ್12ಕ್ಕೇ ಹೊಸದು ಬರೆದರು ಎಂದು ತಿಳಿದು ನನ್ನ ಪ್ಯಾಚ್ ಹುಡುಕಾಟ ನಿಲ್ಲಿಸುತ್ತಿತ್ತು. ಆರ್13ಕ್ಕೂ ಆರ್‌ಬಿಪಿಗೂ ಇದೇ ಸಂಬಂಧ, ಎರಡರ ಕೆಳಬಿಟ್ಟುಗಳೂ 101. ಅಲ್ಲಿ ಇನ್ನೊಂದು ವಿಶೇಷವೂ ಇದೆ: ಆರ್13ರ ಜಿಗಿತ 41 ಎಫ್‌ಎಫ್ 64 ಸಿ5 00 ಎಂದು ಒಂದು ಬೈಟು ಉದ್ದವಾಗಿರುತ್ತದೆ. ಆಫ್‌ಸೆಟ್ ಇಲ್ಲದ ಬಗೆಯಲ್ಲಿ 101 ಎಂದರೆ ಬೇಸ್ ರಿಜಿಸ್ಟರೇ ಇಲ್ಲ ಎಂದು ಪ್ರೊಸೆಸರ್ ಓದುತ್ತದೆ, ಹಾಗಾಗಿ ಕಂಪೈಲರಿಗೆ ಕೊನೆಯಲ್ಲಿ ಸೊನ್ನೆಯ ಆಫ್‌ಸೆಟ್ ಒಂದನ್ನು ಬರೆಯಲೇಬೇಕಾಗುತ್ತದೆ. ಈ ಬಗೆಯನ್ನೂ ಡಿಕೋಡರಿನಲ್ಲಿ ಬೇರೆಯಾಗಿ ಗಮನಿಸಿದೆ.

ರೆಕ್ಸ್ ಬಿಟ್ ಸೇರಿಸಿ ಮತ್ತೆ ಇಡೀ ಕರ್ನಲ್ ಕಟ್ಟಲು ಹಚ್ಚಿದಾಗ ಮಧ್ಯಾಹ್ನ ಮೂರು ಗಂಟೆ, ಕರೆಂಟು ಎರಡು ಸಲ ಹೋಗಿ ಬಂದು, ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಈ ಸಲದ ಡಿಫ್‌ನಲ್ಲಿ ಒಂದೇ ಕಡತ, ಅದರಲ್ಲಿ ಒಂದೇ ಫಂಕ್ಷನ್, ಹಿಂದೆ ಲೆಕ್ಕವಿಲ್ಲದಿದ್ದ ಕೇಸುಗಳಿಗೆ ಈಗ ಲೆಕ್ಕ. ಉಳಿದೆಲ್ಲ ಕಡೆ ಒಂದು ಸಾಲೂ ಅಲುಗಿರಲಿಲ್ಲ.

ಹೊಸ ಕರ್ನಲನ್ನು ಘಟಕಕ್ಕೆ ಕಳುಹಿಸಿದ ಒಂಬತ್ತನೆಯ ದಿನ ಯಂತ್ರ ಮತ್ತೆ ಅದೇ ಜಾಗದಲ್ಲಿ ಬಿತ್ತು. ಹುಡುಗ ಚಿತ್ರವನ್ನು ಹಿಗ್ಗಿಸಿ ಹೆಸರುಗಳನ್ನು ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದ. ನಮ್ಮ ಫಂಕ್ಷನ್ನಿನ ಕೆಳಗೆ ಟೈಮರಿನ ಹೆಸರು ಪ್ರಶ್ನೆ ಚಿಹ್ನೆಯಿಲ್ಲದೆ ನಿಂತಿತ್ತು. ಸಂಪರ್ಕ ಕಡಿದಾಗ ಬಫರನ್ನು ಬಿಡುಗಡೆ ಮಾಡುತ್ತಿದ್ದೆವು, ಟೈಮರನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಸರಿಪಡಿಸಲು ಎರಡು ಸಾಲು ಸಾಕಾದವು.

ಆಬ್ಜ್‌ಟೂಲಿನ ಪ್ಯಾಚಿನಲ್ಲಿ ಒಂದು ಸಂದರ್ಭ ಇನ್ನೂ ಉಳಿದಿದೆ. ರಿಜಿಸ್ಟರುಗಳು ಸಾಲದೆ ಕಂಪೈಲರ್ ಟೇಬಲ್ಲಿನ ವಿಳಾಸವನ್ನು ಸ್ಟ್ಯಾಕಿನಲ್ಲಿಟ್ಟು, ಬೇಕಾದಾಗ ಮರಳಿ ತಂದುಕೊಂಡರೆ ನನ್ನ ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ. ಅಂಥ ಕಡೆ ಹಳೆಯ ಊಹೆಗೆ ಮರಳುವಂತೆ ಮಾಡಬಹುದಿತ್ತು. ಮಾಡಲಿಲ್ಲ. ತಪ್ಪು ಟೇಬಲ್ ಹಿಡಿದು ಸುಮ್ಮನಿರುವ ಬದಲು ಟೇಬಲ್ ಸಿಗಲಿಲ್ಲ ಎಂದು ವಾರ್ನಿಂಗ್ ಕೊಡುವಂತೆ ಬಿಟ್ಟಿದ್ದೇನೆ, ಮತ್ತು ಆ ಹಳೆಯ ಟಿಪ್ಪಣಿಯ ಕೆಳಗೆ ಇದನ್ನೂ ನಾಲ್ಕು ಸಾಲಿನಲ್ಲಿ ಬರೆದಿಟ್ಟಿದ್ದೇನೆ.